ಹಲ್ಲುಚಕ್ರಕ್ಕೆ ಸಿಕ್ಕ ಕಂಕಣ

ಎಪ್ಪತ್ತರ ದಶಕದಲ್ಲಿ ನಾನು ಹೊಸದುರ್ಗದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದೆ. ಶೇಂಗಾ ಸುಲಿಯುವ ಕೈಯಂತ್ರ ಮಾಡಿದ್ದೆವು. ಮಾರುವ ಮೊದಲು ಹೊರಗಿನವರು ಬಳಸಿ ನೋಡಲಿ ಎಂದು ಮಾಲೀಕರು ಒಂದನ್ನು ಬಾಗೂರಿನ ರೈತರೊಬ್ಬರ ಮನೆಗೆ ಕಳಿಸಿದರು. ಜೊತೆಗೆ ಹೋಗಿ, ಎಲ್ಲಿ ಏನು ಕೆಡುತ್ತದೆಂದು ಬರೆದುಕೊಳ್ಳುವುದು ನನ್ನ ಕೆಲಸ. ವರ್ಕ್‌ಶಾಪಿನಲ್ಲಿ ನಾವೇ ಹದಿನೈದು ದಿನ ತಿರುಗಿಸಿದ್ದೆವು. ಯಾರಿಗೂ ಒಂದು ಗೀರೂ ಆಗಿರಲಿಲ್ಲ.

ಆ ಮನೆಯ ಸೊಸೆ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಅರಿಶಿನದ ಕೊಂಬಿನ ಕಂಕಣ ಕಟ್ಟಿದಳು. ತನ್ನ ಬಲಗೈಗೂ ಒಂದು ಕಟ್ಟಿಕೊಂಡಳು. ಹೊಸ ವಸ್ತು ಬಂದರೆ ಅವರಲ್ಲಿ ಹಾಗೆ. ಮೊದಲ ದಿನದ ಕೆಲಸ ಮುಗಿಯುವವರೆಗೆ ಬಿಚ್ಚುವಂತಿಲ್ಲ. ‘ಪೂಜೆ ಆಯಿತು’ ಎಂದು ಬರೆದುಕೊಂಡೆ.

ಅವಳ ಮೈದುನ ಗಾಲಿ ತಿರುಗಿಸಿದ. ಮೂರನೇ ಪುಟ್ಟಿ ಸುರಿದಾಗ ಕಾಯಿ ಯಂತ್ರದ ಬಾಯಲ್ಲೇ ಸಿಕ್ಕಿಕೊಂಡಿತು. ಅವಳು ಕೈಯಿಂದ ತಳ್ಳಿದಳು. ಪಕ್ಕದ ಹಲ್ಲುಚಕ್ರಕ್ಕೆ ಮುಚ್ಚಳವಿರಲಿಲ್ಲ. ಅವಳ ಕೈಯ ಕಂಕಣ ಅದಕ್ಕೆ ಸುತ್ತಿಕೊಂಡಿತು. ಹೊಸ ದಾರ, ಹರಿಯಲಿಲ್ಲ. ಮೂಳೆ ಮುರಿದ ಸದ್ದು ಶೇಂಗಾ ಒಡೆದ ಸದ್ದಿನ ಹಾಗೇ ಇತ್ತು. ಮೈದುನ ಇನ್ನೂ ಅರ್ಧ ಸುತ್ತು ತಿರುಗಿಸಿದ. ಕಾಳಿನ ಮೇಲೆ ರಕ್ತ ಸುರಿಯಿತು.

ಅವನು ಗುದ್ದಲಿ ಎತ್ತಿಕೊಂಡ. ಅದರ ಕಾವು ನನ್ನ ದವಡೆಗೆ ಬಿತ್ತು.

“ಲೇ, ಕೈ ತಿನ್ನೋ ಮಿಷನ್ ತಂದಿಟ್ಟು ಬರ್ಕಂತ ಕುಂತೀಯಾ?”

ಎರಡನೇ ಏಟು ಯಂತ್ರಕ್ಕೆ. ಮತ್ತೆ ಎತ್ತಿದಾಗ ಅವಳು ಹಲ್ಲು ಕಚ್ಚಿಕೊಂಡು, ಮೆಲ್ಲಗೆ ಅಂದಳು: “ಆಮೇಲೆ ಹೊಡೀರಿ. ಮೊದ್ಲು ನನ್ ಕೈ ಬಿಡಿಸ್ರಿ.”

ನಾವಿಬ್ಬರೂ ಸೇರಿ ಗಾಲಿಯನ್ನು ಹಿಂದಕ್ಕೆ ತಿರುಗಿಸಿದೆವು. ಎರಡು ಬೆರಳು ಉಳಿಯಲಿಲ್ಲ.

ವರ್ಕ್‌ಶಾಪಿನಲ್ಲಿ ಇನ್ನೂ ನಾಲ್ಕು ಯಂತ್ರ ಬಣ್ಣ ಬಳಿಸಿಕೊಂಡು ನಿಂತಿದ್ದವು. ಮುಚ್ಚಳವಿಲ್ಲದೆ ಹಾಗೇ ಹೋದರೆ ಇನ್ನು ನಾಲ್ಕು ಮನೆಯಲ್ಲಿ ಇದೇ ಗತಿ. ಮಾಲೀಕರು ನನ್ನ ಪುಸ್ತಕ ಓದಿ, ಮುಖಕ್ಕೆ ಎಸೆದರು. ಕಂಕಣ ಕಟ್ಟಿಕೊಂಡದ್ದು ಆಯಮ್ಮನ ತಪ್ಪು, ಹಾಗಂತ ಬರಿ ಎಂದರು.

“ಊರಾಗೆ ಎಲ್ರೂ ಕಟ್ಕಂತಾರೆ. ಕಟ್ಕಳ್ದೆ ತಿರುಗ್ಸಿ ನೋಡ್ದೋರು ನಾವೇ,” ಎಂದೆ. ಊದಿದ ಬಾಯಲ್ಲಿ ಮಾತು ಸರಿಯಾಗಿ ಹೊರಡಲಿಲ್ಲ.

ಮತ್ತೆ ಹೇಳಲು ಹೋಗಲಿಲ್ಲ. ಬೇವಿನ ಹಸಿ ಕೋಲಿಗೆ ದಾರ ಕಟ್ಟಿ, ಅಲ್ಲಿದ್ದ ಒಂದು ಯಂತ್ರದ ಗಾಲಿ ತಿರುಗಿಸುತ್ತ, ಹಲ್ಲುಚಕ್ರದ ಹತ್ತಿರ ಹಿಡಿದೆ. ಎಳೆದುಕೊಂಡಿತು. ಲಟಲಟನೆ ಮುರಿದು, ಸಿಪ್ಪೆ ಸುಲಿದು ಈಚೆ ಬಂತು.

ಮಾಲೀಕರು ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು. ಆಮೇಲೆ ತಗಡು ತರಲು ಹೇಳಿದರು.

ನಾಲ್ಕಕ್ಕೂ ಮುಚ್ಚಳ ಕೂರಿಸಲು ಮೂರು ದಿನ ಹಿಡಿಯಿತು. ಅಷ್ಟೂ ದಿನ ನನಗೆ ರಾಗಿ ಗಂಜಿಯೇ, ಅಗಿಯಲು ಆಗುತ್ತಿರಲಿಲ್ಲ.