ಶಾಕೀರ್ ಸುಲಿದ ಪರದೆ

ಬಳ್ಳಾರಿಯ ಬೆಂಗಳೂರು ರಸ್ತೆಯ ಹಿಂದಿನ ಓಣಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ ಶಾಕೀರನ ರಿಪೇರಿ ಮೇಜು ಇತ್ತು. ಅದನ್ನು ಅಂಗಡಿ ಎನ್ನಲು ಶಟರ್ ಇರಲಿಲ್ಲ, ಬೋರ್ಡಿರಲಿಲ್ಲ. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತಿತ್ತು. ಮೇಲೆ ಗಿರಾಕಿಗಳು ಹತ್ತಿ ಇಳಿದಂತೆಲ್ಲ ಅವರ ಚಪ್ಪಲಿಯ ಧೂಳು ಇವನು ಬಿಚ್ಚಿಟ್ಟ ಸಾಮಾನಿನ ಮೇಲೆ ಉದುರುತ್ತಿತ್ತು. ಹೆಂಡತಿ ಜಾಸ್ಮಿನ್ ಚೊಚ್ಚಲ ಹೆರಿಗೆಗೆಂದು ಸಿರುಗುಪ್ಪದ ತವರಿಗೆ ಹೊರಟಾಗ ಒಂದೇ ಮಾತು ಹೇಳಿದ್ದಳು.

"ನಾ ಬರೋದ್ರೊಳಗ ಒಂದು ಅಂಗಡಿ ಮಾಡ್ರಿ. ಕೂಸಿನ್ನ ಎತ್ತಿಕೊಂಡು ಆ ಮೆಟ್ಲ ಕೆಳಗ ಬಗ್ಗಿ ಬರಾಕ ನನ್ನ ಕೈಲಿ ಆಗಂಗಿಲ್ಲ."

ಆಗಲಿ ಎಂದಿದ್ದ. ಅಂದಿನಿಂದ ಅವನ ತಲೆಯಲ್ಲಿ ಶಟರ್ ಬಿಟ್ಟು ಬೇರೇನೂ ಇರಲಿಲ್ಲ.

ಅದು ಅದಿರಿನ ಕಾಲ. ಚೀನಾಕ್ಕೆ ಕೆಂಪು ಮಣ್ಣು ಸಾಗಿಸಿ, ನಿನ್ನೆ ಸೈಕಲ್ ತುಳಿದವರು ಇಂದು ಕಾರಿನಲ್ಲಿ ಕಾಲು ಚಾಚಿಕೊಂಡಿದ್ದರು. ಸಹಿ ಹಾಕಲು ಬೆವರುವವನ ಕಂಕುಳಲ್ಲೂ ಒಂದು ಲ್ಯಾಪ್‌ಟಾಪ್. ಜೀಪಿನ ಬಾನೆಟ್ ಮೇಲಿಟ್ಟು ಮರೆಯುವುದು, ಒಳಗೆ ಪೆನ್ನು ಬಿಟ್ಟು ದಬಕ್ಕನೆ ಮುಚ್ಚುವುದು, ಪರದೆ ಒಡೆಯುವುದು ನಡೆದೇ ಇತ್ತು. ಒಡೆದದ್ದರ ಬದಲಿಗೆ ಡೀಲರುಗಳು ಚೆನ್ನೈಯಿಂದ ಹೊಸ ಪರದೆ ತರಿಸುತ್ತಿದ್ದರು. ಬಂದದ್ದು ಎಷ್ಟೋ ಸಲ ಬೇರೆ ಮಾಡೆಲ್ಲಿನದು. ವಾಪಸು ತಗೊಳ್ಳುವವರಿಲ್ಲದೆ ಅಂಥವೆಲ್ಲ ಶಾಕೀರನ ಮೇಜಿಗೆ ಬಂದು ಬೀಳುತ್ತಿದ್ದವು. ಅವನು ಅವಕ್ಕೊಂದು ಚಿಕ್ಕ ಬೋರ್ಡು ಜೋಡಿಸಿ ಚಹಾ ಅಂಗಡಿಗೆ ಟೀವಿ ಮಾಡಿದ, ಫೋಟೊ ಬದಲಾಗುವ ಫ್ರೇಮು ಮಾಡಿದ, ಗೋಡೆ ಗಡಿಯಾರ ಮಾಡಿದ. ಹೊಟ್ಟೆಪಾಡಿಗಲ್ಲ, ಹುಚ್ಚಿಗೆ.

ಒಮ್ಮೆ ಗೀರು ಬಿದ್ದ ಪರದೆಯೊಂದರ ಮೇಲಿನ ಹಾಳೆಯನ್ನು ಒದ್ದೆ ಬಟ್ಟೆ ಹೊದಿಸಿ ನೆನೆಸಿ, ಬಲಗೈ ಹೆಬ್ಬೆರಳಿಂದ ಮೆಲ್ಲಗೆ ಸುಲಿದ. ಪರದೆಯಲ್ಲಿ ಚಿತ್ರ ಮಾಯವಾಗಿ ಬರೀ ಬಿಳಿ ಬೆಳಕು ಉಳಿಯಿತು. ಕೆಟ್ಟಿತು ಎಂದುಕೊಂಡು, ಸುಲಿದ ಹಾಳೆಯನ್ನು ಕಣ್ಣಿಗೆ ಅಡ್ಡ ಹಿಡಿದರೆ ಚಿತ್ರ ಇದ್ದಲ್ಲೇ ಇದೆ. ಹಾಳೆಯನ್ನು ಕತ್ತರಿಸಿ ಕನ್ನಡಕಕ್ಕೆ ಕೂರಿಸಿದ. ಹಾಕಿಕೊಂಡವನಿಗೆ ಸಿನಿಮಾ, ಉಳಿದವರಿಗೆ ಟ್ಯೂಬ್‌ಲೈಟು. ಓಣಿಯ ಮಂದಿಯೆಲ್ಲ ಸರದಿಯಲ್ಲಿ ಹಾಕಿ ನೋಡಿ ನಕ್ಕರು. ಸುದ್ದಿ ಎರ್ರಣ್ಣನ ಕಿವಿಗೂ ಬಿತ್ತು.

ಎರ್ರಣ್ಣ ಕುರುಗೋಡಿನವನು, ಅದಿರಿನ ಲಾರಿಗಳ ಧಣಿ. ಬಳ್ಳಾರಿಯಲ್ಲಿ ಹೊಸದಾಗಿ ಅಂಗಡಿ ಸಾಲು ಕಟ್ಟಿಸುತ್ತಿದ್ದ. ಕುರುಗೋಡಿನ ಗುಡ್ಡದ ಬುಡದಲ್ಲಿ ಅವನ ತೋಟದ ಮನೆ. ಅಲ್ಲಿ ಭಾನುವಾರ ಮಧ್ಯಾಹ್ನ ಇಸ್ಪೀಟು. ಎದುರಾಳಿ ಸಿರುಗುಪ್ಪದ ಸುಂಕಪ್ಪ. ಅಕ್ಕಿ ಗಿರಣಿಯಿಂದ ಅದಿರಿಗೆ ಹಾರಿದವನು.

"ಆಟದ ಕೋಣಿ ಗ್ವಾಡ್ಯಾಗ ಅಂಥದ್ದೊಂದು ಲೈಟು ಕೂಡಿಸು" ಎಂದ ಎರ್ರಣ್ಣ. "ಸುಂಕಪ್ಪನ ಕುರ್ಚಿ ಮ್ಯಾಲಿನ ಸೂರಿಗೆ ಒಂದು ಸಣ್ಣ ಕ್ಯಾಮೆರಾ. ಕನ್ನಡಕ ನನಗೊಂದ. ಸಾಲಿನ್ಯಾಗ ಮೂಲಿ ಅಂಗಡಿ ನಿನಗ."

ಇದೆಲ್ಲ ಯಾತಕ್ಕೆ ಎಂದು ಶಾಕೀರ್ ಕೇಳಲಿಲ್ಲ. ಕುರ್ಚಿಯ ಮೇಲೆ ಕ್ಯಾಮೆರಾ ಯಾಕೆ ಬೇಕೆಂದು ತಿಳಿಯದಷ್ಟು ಹಸುಗೂಸಲ್ಲ ಅವನು. ಆದರೆ ಮೂಲೆ ಅಂಗಡಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮನುಷ್ಯ ಉಳಿದದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಲೈಟು, ಕ್ಯಾಮೆರಾ ಎರಡನ್ನೂ ಕೂಡಿಸಿಕೊಟ್ಟ. ಎರ್ರಣ್ಣ ಕೈತುಂಬ ಉಂಗುರ ಹಾಕಿಕೊಂಡು, ಕಣ್ಣಿಗೆ ಹೊಸ ಕನ್ನಡಕ ಏರಿಸಿ, ಭಾನುವಾರದ ಮೇಲೆ ಭಾನುವಾರ ಗೆಲ್ಲತೊಡಗಿದ.

ರಿಪೇರಿ ಮಾಡುವವರಿಗೊಂದು ರೋಗವಿದೆ. ಮಿಕ್ಕದ್ದನ್ನು ಎಸೆಯಲಾರರು. ಎರ್ರಣ್ಣನ ಕನ್ನಡಕಕ್ಕೆ ಕತ್ತರಿಸಿ ಉಳಿದ ಹಾಳೆ ಶಾಕೀರನ ಡಬ್ಬಿಯಲ್ಲಿತ್ತು. ಜಾಸ್ಮಿನ್‌ಳ ತಮ್ಮ ಮಹಮ್ಮದ್ ಗೌಸ್ ಸುಂಕಪ್ಪನ ಕಾರಿನ ಡ್ರೈವರು. ಅದಿರಿನ ಧೂಳು ಕುಡಿದು ಅವನ ಕಣ್ಣು ಸದಾ ಕೆಂಪಾಗಿ ನೀರು ಸುರಿಸುತ್ತಿತ್ತು. ಬಿಸಿಲಿಗೆ ಕಣ್ಣು ಬಿಡಲಾರೆ ಎಂದು ಅವನು ಮೆಟ್ಟಿಲ ಕೆಳಗೆ ಬಂದು ಕೂತ ದಿನ ಶಾಕೀರ್ ಆ ಡಬ್ಬಿಗೆ ಕೈ ಹಾಕಿದ. ಡಬ್ಬಿಯ ಹಾಳೆಯನ್ನು ಗಾಗಲ್ಲಿಗೆ ಕೂರಿಸಿ ಅವನ ಮೂಗಿಗೇರಿಸಿದ.

"ಬಿಸಿಲು ಹೊಡಿಯಂಗಿಲ್ಲ ಈಗ. ತೆಗೀಬ್ಯಾಡ ಇದನ್ನ."

ಗೌಸ್ ತೆಗೆಯಲಿಲ್ಲ. ಡ್ರೈವರುಗಳನ್ನು ತೋಟದ ಮನೆಯ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಬೇವಿನ ಮರದ ಕೆಳಗೆ ಕಾರಿನ ಹತ್ತಿರವೇ ಇರಬೇಕು. ಹಾಗಾಗಿ ಶಾಕೀರನಿಗೆ ಯಾವ ಅಳುಕೂ ಹುಟ್ಟಲಿಲ್ಲ.

ಆ ಭಾನುವಾರ ಸುಂಕಪ್ಪ ಮೊಬೈಲನ್ನು ಕಾರಿನಲ್ಲೇ ಮರೆತಿದ್ದ. ಅದು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಗೌಸ್ ಅದನ್ನು ಹಿಡಿದು ಒಳಗೋಡಿದವನು ಗೋಡೆ ನೋಡಿ ನಿಂತುಬಿಟ್ಟ. ಬಡಪಾಯಿಗೆ ಅದೊಂದು ಸೋಜಿಗ.

"ಧಣಿ, ನಿಮ್ಮ ಎಲಿ ಟೀವಿನ್ಯಾಗ ಬರಾಕ ಹತ್ಯಾವ."

ಸುಂಕಪ್ಪ ಗೋಡೆ ನೋಡಿದ, ಬಿಳಿ ಲೈಟು. ಗೌಸನ ಗಾಗಲ್ ಕಿತ್ತು ತಾನೇ ಹಾಕಿಕೊಂಡು ಮತ್ತೆ ನೋಡಿದ. ತನ್ನ ಕೈಯ ಮೂರೆಲೆ ಗೋಡೆಯ ಮೇಲಿದ್ದವು. ಎದುರಿಗೆ ಎರ್ರಣ್ಣನ ಮೂಗಿನ ಮೇಲೂ ಕನ್ನಡಕ.

ಇನ್ನೇನು ಹೆಣ ಬೀಳುತ್ತದೆ ಎಂದು ಗೌಸ್ ಬಾಗಿಲ ಕಡೆ ಸರಿದ. ಏನೂ ಬೀಳಲಿಲ್ಲ. ಇಬ್ಬರ ಲಾರಿಗಳೂ ಒಂದೇ ಪರ್ಮಿಟ್ಟಿನಲ್ಲಿ ಓಡುತ್ತಿದ್ದವು, ಜಗಳವಾಡಿದರೆ ಇಬ್ಬರೂ ಮುಳುಗುತ್ತಿದ್ದರು.

"ಆ ರಿಪೇರಿ ಸಾಬ ನನಗೂ ಟೋಪಿ ಹಾಕ್ಯಾನ ನೋಡು" ಎಂದ ಎರ್ರಣ್ಣ, ಕನ್ನಡಕ ತೆಗೆಯುತ್ತ. "ಕಣ್ಣಿಗೆ ಛಲೋ ಅಂತ ಇದನ್ನ ಕೊಟ್ಟ. ಒಳಗ ಏನೈತಿ ನನಗೇನು ಗೊತ್ತು?"

ಅದು ಸುಳ್ಳೆಂದು ಸುಂಕಪ್ಪನಿಗೆ ಗೊತ್ತು. ಅವನಿಗೆ ಗೊತ್ತೆಂದು ಎರ್ರಣ್ಣನಿಗೂ ಗೊತ್ತು. ಇಬ್ಬರೂ ಸೇರಿ ಅದನ್ನು ನಿಜ ಮಾಡಿಕೊಂಡರು.

"ಹಂಗಾದ್ರ ಅವನ ಕೈ ನೋಡಬೇಕಾತು. ಗೌಸ್, ನಿಮ್ಮ ಭಾವನ್ನ ಕರ್ಕೊಂಬಾ" ಎಂದು ಸುಂಕಪ್ಪ ಊಟಕ್ಕೆ ಎದ್ದ. ಇಬ್ಬರೂ ಒಟ್ಟಿಗೇ ಕೂತು ಬಾಡೂಟ ಉಂಡರು.

ಧಣಿ ಕರೆಯುತ್ತಾರೆ ಎಂದು ಗೌಸ್ ಬಂದು ಹೇಳಿದಾಗ ಶಾಕೀರ್ ಅಂಗಡಿಯ ಬೀಗದ ಕೈ ಕೊಡಲಿಕ್ಕೇ ಎಂದುಕೊಂಡ. ಹಬ್ಬದ ಅಂಗಿ ಹಾಕಿಕೊಂಡು, ದಾರಿಯಲ್ಲಿ ಕಾರು ನಿಲ್ಲಿಸಿ ಪೇಡೆಯ ಡಬ್ಬಿ ಕಟ್ಟಿಸಿದ.

"ಗಾಗಲ್ ಎಲ್ಲಿ ಲೇ?"

"ಅಲ್ಲೇ ಬಿಟ್ಟು ಬಂದೀನಿ ಭಾವಾ."

ಕುರುಗೋಡಿನವರೆಗೂ ಗೌಸ್ ಆಡಿದ್ದು ಅದೊಂದೇ ಮಾತು. ಅವನ ಕಣ್ಣು ಎಂದಿನಂತೆ ನೀರು ಸುರಿಸುತ್ತಿದ್ದುದರಿಂದ ಶಾಕೀರನಿಗೆ ಏನೂ ತಿಳಿಯಲಿಲ್ಲ.

ಬೇವಿನ ಮರದ ಕೆಳಗೆ ಕಲ್ಲುಬೆಂಚಿತ್ತು. ಲಾರಿಯ ನಾಲ್ಕು ಆಳುಗಳಿದ್ದರು. ಸುಂಕಪ್ಪ ಹಲ್ಲಿಗೆ ಕಡ್ಡಿ ಹಾಕುತ್ತ ಬಂದು ಜಾಕಿಯ ರಾಡನ್ನು ಗೌಸನ ಕೈಗಿತ್ತ.

"ನಿಮ್ಮ ಮನಿ ಮನುಷ್ಯ, ನೀನ ಮಾಡು. ಇವರಿಗೆ ಬಿಟ್ರ ಕೈ ಎಲ್ಲಿಗೆ ಮುಗೀತೈತಿ ಅನ್ನೋದು ತಿಳಿಯಂಗಿಲ್ಲ."

"ನಾ ಏನು ಮಾಡೀನಿ ಧಣಿ?" ಎಂದು ಶಾಕೀರ್ ಎರ್ರಣ್ಣನ ಕಡೆ ತಿರುಗಿದ. ಎರ್ರಣ್ಣ ಪೇಡೆಯ ಡಬ್ಬಿ ಬಿಚ್ಚಿ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಗೌಸ್ ಗೊಳೋ ಎಂದು ಅತ್ತ. ಆಳುಗಳು ಮುಂದೆ ಬಂದರು. ಶಾಕೀರ್ ಅವರನ್ನೂ ಗೌಸನನ್ನೂ ನೋಡಿ, ತಾನೇ ಬೆಂಚಿನ ಮೇಲೆ ಬಲಗೈ ಇಟ್ಟ.

"ಹೊಡಿ ಲೇ. ನಿಮ್ಮಕ್ಕಗ ಮಾತ್ರ ಹೇಳಬ್ಯಾಡ."

ಗೌಸ್ ಹೊಡೆದ. ಸಾಲದು ಎಂದರು, ಮತ್ತೆ ಹೊಡೆದ.

ಟೈರು ಬದಲಿಸುವಾಗ ಜಾಕಿ ಜಾರಿತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಜಾಸ್ಮಿನ್‌ಗೂ ಅದನ್ನೇ ಹೇಳಿದರು. ಅವಳು ಹೆಣ್ಣುಕೂಸನ್ನು ಎತ್ತಿಕೊಂಡು ಸಿರುಗುಪ್ಪದಿಂದ ಬರುವಷ್ಟರಲ್ಲಿ ಪಟ್ಟಿ ಬಿಚ್ಚಿದ್ದರು. ಗಾಯ ಮಾಯ್ದಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. ಹೆಬ್ಬೆರಳು ಇದ್ದಲ್ಲಿ ಇತ್ತು, ಅಷ್ಟೇ.

ಒಂದು ದಿನ ಗೌಸ್ ಬೀಗದ ಕೈ ತಂದ. ಜಾಸ್ಮಿನ್ ಚಹಾ ಮಾಡಲು ಒಳಗೆ ಹೋದಾಗ ತಲೆ ತಗ್ಗಿಸಿ ಪಿಸುಗುಟ್ಟಿದ.

"ಕೊಟ್ಟ ಮಾತಿಗೆ ತಪ್ಪಂಗಿಲ್ಲ ಅಂದಾನ ಎರ್ರಣ್ಣ. ಮೂಲಿ ಅಂಗಡೀನ. ಸುಂಕಪ್ಪಗೂ ಅಂಥದ್ದೊಂದು ಲೈಟು ಬೇಕಂತ, ಹೊರಗಿನ ಮಂದಿ ಕೂಡ ಆಡಾಕ. ಕೈ ಹೋದ್ರ ಬಾಯಿ ಐತಲ್ಲ, ಅವ ಹೇಳಲಿ ನೀ ಮಾಡು ಅಂದ್ರು. ಒಂದು ಕೆಟ್ರ ಇರ್ಲಿ ಅಂತ ಎರಡು ಹೊಸ ಪರದೆ ಕಾರಿನ್ಯಾಗ ಅದಾವ ಭಾವಾ."

ಶಾಕೀರ್ ಅವನ ಕೆಂಪು ಕಣ್ಣನ್ನು ನೋಡಿದ. ಒಲ್ಲೆ ಎಂದರೆ ಮುಂದೆ ಯಾರ ಕೈ ಬೆಂಚಿಗೆ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು.

"ಸುಲಿಯೋದಕ್ಕ ಮೊದಲು ನೆನೆಸಬೇಕು" ಎಂದ.

ಶುಕ್ರವಾರ ನಮಾಜು ಮುಗಿದ ಮೇಲೆ ಎಲ್ಲರೂ ಹೊಸ ಅಂಗಡಿಗೆ ಹೋದರು. ಶಟರಿನ ಮೇಲೆ ಶಾಕೀರನ ಹೆಸರು ನೀಲಿ ಬಣ್ಣದಲ್ಲಿತ್ತು. ಅದನ್ನು ನೋಡಿ ಜಾಸ್ಮಿನ್‌ಗೆ ಕಣ್ಣು ತುಂಬಿ ಬಂತು, ಎಲ್ಲ ತಮ್ಮನ ಓಡಾಟದಿಂದಲೇ ಆದದ್ದು ಎಂದು ಮತ್ತೆ ಮತ್ತೆ ಹೊಗಳಿದಳು. ಶಾಕೀರ್ ಎಡಗೈಯಿಂದ ಬೀಗ ತೆಗೆದ. ಶಟರು ಒಂಟಿ ಕೈಗೆ ಮೇಲೇಳಲಿಲ್ಲ.

"ಗೌಸ್, ನೀ ಎತ್ತಪ್ಪ" ಎಂದಳು ಜಾಸ್ಮಿನ್. "ನಿಮ್ಮ ಭಾವಗ ಇನ್ನ ನೀನ ಕೈ."

ಗೌಸ್ ಎರಡೂ ಕೈಯಿಂದ ಶಟರ್ ಎತ್ತಿದ. ಅವಳು ಕೂಸನ್ನು ಎದೆಗವಚಿಕೊಂಡು, ಎಲ್ಲೂ ಬಗ್ಗದೆ, ಒಳಗೆ ನಡೆದಳು.