ಮೇಜರ್ ಸಾಹೇಬರ ಬಾಯಿಗೆ ಹಿಡಿಸಿದ ಪಾಸ್ತಾ

ಪೊಲೀಸರು ಬಂದಾಗ ಕಲೋಜೆರೊ ಮಾವ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ತನ್ನ ಕಬ್ಬಿನ ಗದ್ದೆಯಲ್ಲಿ ಕತ್ತಿ ಮಸೆಯುತ್ತಿದ್ದ. ಇಟಲಿ ಬ್ರಿಟಿಷರ ವಿರುದ್ಧ ಯುದ್ಧಕ್ಕೆ ಇಳಿದಿತ್ತು, ಇವನು ಇಟಲಿಯಲ್ಲಿ ಹುಟ್ಟಿದ್ದ, ಅಪರಾಧ ಅಷ್ಟೇ. ಅದೇ ವಾರ ನನ್ನನ್ನೂ ಹಿಡಿದರು. ಮುಳ್ಳುತಂತಿಯ ಶಿಬಿರದಲ್ಲಿ ಇಬ್ಬರಿಗೂ ಅಕ್ಕಪಕ್ಕದ ಮಂಚ ಸಿಕ್ಕಿತು.

ಅವನ ಹೆಂಡತಿ ನೂನ್ಸಿಯಾ ಆಗ ತುಂಬು ಬಸುರಿ. ಮಗಳು ಹುಟ್ಟಿದ್ದು ಕಾಗದದಲ್ಲಿ ತಿಳಿಯಿತು. ಅವಳಿಗೆ ಹಲ್ಲು ಬಂದದ್ದು, ಅವಳು ನಡೆದದ್ದು, ಎಲ್ಲವೂ ಕಾಗದದಲ್ಲೇ. ಆ ಮಗುವನ್ನು ಒಮ್ಮೆ ಎತ್ತಿಕೊಳ್ಳಬೇಕು ಎನ್ನುವುದೊಂದೇ ಅವನ ಜಪ. ಬಿಡುಗಡೆಗೆ ಅರ್ಜಿ ಹಾಕಿದಾಗಲೆಲ್ಲ ವಿಚಾರಣೆ ನಡೆಯುತ್ತಿತ್ತು.

"ನೀನು ಫ್ಯಾಸಿಸ್ಟಾ?"

"ಅಲ್ಲ ಸ್ವಾಮಿ, ಕಬ್ಬು ಕಡಿಯೋನು."

ಅವರು ನಂಬುತ್ತಿದ್ದರು, ಆದರೂ ಬಿಡುತ್ತಿರಲಿಲ್ಲ. ಕಾರಣ ಕೊನೆಗೆ ಕಚೇರಿಯ ಗುಮಾಸ್ತನಿಂದ ತಿಳಿಯಿತು. ಶಿಬಿರದಲ್ಲಿ ಮಾವನಿಗೆ ಆಫೀಸರುಗಳ ಅಡುಗೆಯ ಕೆಲಸ ಕೊಟ್ಟಿದ್ದರು. ಅಲ್ಲಿನ ಮೇಜರ್ ಪೆಂಬರ್ಟನ್ ಪ್ರತಿ ಅರ್ಜಿಯ ಮೇಲೂ 'ಇವನು ಇಲ್ಲಿಗೆ ಬೇಕು' ಎಂದು ಗೀಚುತ್ತಿದ್ದ. ಹೊಟ್ಟೆಬಾಕ.

"ಮಾವ, ನಿನ್ನ ಕೈರುಚೀನೇ ನಿನಗೆ ಶತ್ರು. ಪಾಸ್ತಾನ ಅತಿಯಾಗಿ ಬೇಯಿಸಿಬಿಡು, ಅವನೇ ಓಡಿಸ್ತಾನೆ," ಎಂದೆ.

ಅವನ ಮುಖ ಸಪ್ಪಗಾಯಿತು. ಪಾಸ್ತಾ ಹಲ್ಲಿಗೆ ಸಿಗಬೇಕು. ಮೆತ್ತಗಾದದ್ದನ್ನು ನಮ್ಮವರು ಹಂದಿಗೂ ಹಾಕುವುದಿಲ್ಲ. ಆದರೂ ಮಗಳಿಗಾಗಿ ಮುಕ್ಕಾಲು ಗಂಟೆ ಕುದಿಸಿದ. ಅಷ್ಟು ಹೊತ್ತೂ ಒಲೆಗೆ ಬೆನ್ನು ಹಾಕಿಕೊಂಡೇ ನಿಂತಿದ್ದ.

ಮೇಜರ್ ಮೂರು ಸಲ ಹಾಕಿಸಿಕೊಂಡ. "ಎರಡು ವರ್ಷಕ್ಕೆ ಇವತ್ತು ಸರಿಯಾಗಿ ಬೇಯಿಸಿದೀಯ ನೋಡು. ಹಲ್ಲಿಗೆ ಕೆಲಸಾನೇ ಇಲ್ಲ," ಎಂದ.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ," ಎಂದು ನನಗೆ ಬೈದ ಮಾವ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಮಂಚದಲ್ಲಿ ಎದ್ದು ಕೂತ.

"ಲೋ ಸಾರೊ, ಹೀಗೆ ಮೆತ್ತಗೆ ಬೇಯಿಸೋಕೆ ನಾನೇ ಯಾಕೆ ಬೇಕು?" ಎಂದು ನನ್ನನ್ನು ಕೇಳಿದ.

ನೇರವಾಗಿ ಕಾರ್ಪೊರಲ್ ಹ್ಯಾಕೆಟ್ ಬಳಿ ಹೋದ. ಈ ಹ್ಯಾಕೆಟ್ ಸಿಪಾಯಿಗಳ ಅಡುಗೆಯವನು. ಎಲೆಕೋಸನ್ನೂ ಅಂಟಾಗುವಷ್ಟು ಬೇಯಿಸುವ ಮಹಾನುಭಾವ.

"ಪಾಸ್ತಾನ ನೀರಿಗೆ ಹಾಕು. ಹೋಗಿ ಗಡ್ಡ ಬೋಳಿಸ್ಕೊ. ಮನೆಗೆ ಕಾಗದ ಬರಿ. ಆಮೇಲೆ ಬಂದು ಇಳಿಸು," ಎಂದು ಪಾಠ ಹೇಳಿದ ಮಾವ. ಹ್ಯಾಕೆಟ್ ಒಂದೇ ದಿನಕ್ಕೆ ಪಂಡಿತನಾದ.

ಇನ್ನು ಅಡುಗೆಗೆ ಇವನಿದ್ದಾನೆ ಎಂದು ಮಾವ ಮತ್ತೆ ಅರ್ಜಿ ಹಾಕಿದ. ಮೇಜರನಿಗೆ ಮಾತ್ರ ಅನುಮಾನ. ಬಿಡುಗಡೆ ಕಾಗದವನ್ನು ಮುಂದಿಟ್ಟುಕೊಂಡು ಹ್ಯಾಕೆಟ್ ಮಾಡಿದ ತಟ್ಟೆಯನ್ನು ಮಾವನ ಕಡೆ ತಳ್ಳಿದ. "ನೀನೇ ತಿಂದು ಹೇಳು. ನಿಮ್ಮೋರು ಮಾಡೋ ಹಾಗೇ ಇದೆಯಾ?"

ಸೌದೆ ಹೊತ್ತು ತಂದ ನಾನು ಬಾಗಿಲಲ್ಲೇ ನಿಂತೆ. ಮಾವ ಆ ಗಂಜಿಯನ್ನು ಬಾಯಿಗಿಟ್ಟ, ನುಂಗಿದ. ಕಣ್ಣಲ್ಲಿ ನೀರು ತುಂಬಿತು.

"ನಮ್ಮಮ್ಮ ಹೀಗೇ ಮಾಡ್ತಿದ್ದಳು ಸ್ವಾಮಿ."

ಮೇಜರ್ ಕರಗಿಹೋದ. ರುಜು ಹಾಕಿದ.

ಮಾರನೆಯ ಬೆಳಿಗ್ಗೆ ಗಂಟು ಹೊತ್ತ ಮಾವನನ್ನು ಕಳಿಸಲು ಗೇಟಿನವರೆಗೆ ಹೋದೆ. ನನಗೆ ನಗು, ಅವನಿಗೆ ನಗು ಬರಲಿಲ್ಲ.

"ಎರಡು ವರ್ಷ ನಿಜ ಹೇಳಿದೆ, ಬಿಡಲಿಲ್ಲ ಕಣೋ," ಎಂದ. "ಸತ್ತ ತಾಯಿ ಮೇಲೆ ಒಂದು ಸುಳ್ಳು ಹೇಳಿದೆ, ಮಗಳ ಹತ್ರ ಕಳಿಸ್ತಿದಾರೆ."