ಜೋಡಿ ಬರ್ಲಿ, ತಡೀರಿ
ವಾಡಿಯಲ್ಲಿ ಮದುವೆ ಫೋಟೋ ತೆಗೆದೇ ತಲೆ ನರೆಸಿಕೊಂಡ ಮಶಾಕ ಸಾಹೇಬರು ಈಗ ದಿನಾ ಬೆಳಗ್ಗೆ ಇಸ್ತ್ರಿ ಅಂಗಿ ತೊಟ್ಟು, ಅತ್ತರು ಪೂಸಿಕೊಂಡು, ಹಕ್ಕಿಗಳ ಫೋಟೋ ತೆಗೆಯಲು ಕ್ಯಾಮೆರಾ ಹಿಡಿದು ರಾವೂರ ಹಳ್ಳದ ದಂಡೆಗೆ ಬರುತ್ತಾರೆ. ಹಕ್ಕಿಗಳ ಮನೆಗೆ ಹೇಗೆಂದರೆ ಹಾಗೆ ಹೋಗಬಾರದಂತೆ. ಟಿಟ್ಟಿಭ ಹಕ್ಕಿ ಕಂಡರೆ, "ಅಕ್ಕಾರ, ಗದ್ದ ಸ್ವಲ್ಪ ಎತ್ರಿ," ಎನ್ನುತ್ತಾರೆ. ಪೊದೆಯಿಂದ ಇಣುಕುವ ಮುಂಗುಸಿಗೆ, "ಹಿಂದಿನವ್ರು ಮುಂದ ಬರ್ರಿ." ಮಿಸುಕದೆ ಬಿಸಿಲಿಗೆ ಮೈಯೊಡ್ಡಿದ ಉಡದಷ್ಟು ಶಾಣ್ಯಾ ಮದುಮಗನನ್ನು ಅವರು ಕಂಡೇ ಇಲ್ಲವಂತೆ. ಎಮ್ಮೆ ಅಡ್ಡ ಬಂದರೆ ಮಾತ್ರ ಸಿಟ್ಟು: "ಊಟ ಆ ಕಡಿ ನಡದದ, ಅಲ್ಲಿ ಹೋಗ್ರಿ." ಒಂಟಿ ಮಿಂಚುಳ್ಳಿ ಎಷ್ಟು ಚೆಂದ ಕೂತರೂ ಕ್ಲಿಕ್ ಮಾಡುವುದಿಲ್ಲ, "ಜೋಡಿ ಬರ್ಲಿ, ತಡೀರಿ," ಎನ್ನುತ್ತ ಬಿಸಿಲೇರುವ ತನಕ ಕಾಯುತ್ತಾರೆ. ಮದುಮಗಳ ಸೆರಗು ಸರಿಪಡಿಸಲೆಂದು ಪ್ರತಿ ಮದುವೆಗೂ ಜೊತೆಗೆ ಹೋಗುತ್ತಿದ್ದ ಹೆಂಡತಿ ಜೈಬುನ್ನೀಸಾ ತೀರಿಕೊಂಡ ಮೇಲೆ ಅವರು ಸ್ಟುಡಿಯೋ ಬಾಗಿಲು ತೆಗೆದಿಲ್ಲ. ದಿನಾ ಅವರ ಜೊತೆ ಬರುವ ನಾನೇ ನಿನ್ನೆ ಅವರ ಕ್ಯಾಮೆರಾ ಇಸಿದುಕೊಂಡು, "ನಿಮ್ದೂ ಒಂದು ತೆಗೀತೀನಿ, ಕುಂದ್ರಿ ಸಾಹೇಬ್ರ," ಎಂದೆ. ದಂಡೆಯ ಚಪ್ಪಟೆ ಫರ್ಸಿ ಕಲ್ಲಿನ ಮೇಲೆ ನಟ್ಟನಡುವೆ ಕೂತು ಕಾಲರು ಸರಿಮಾಡಿಕೊಂಡರು. ನಾನು ಇನ್ನೇನು ಒತ್ತಬೇಕು, ಅಷ್ಟರಲ್ಲಿ ಮೆಲ್ಲಗೆ ಬಲಕ್ಕೆ ಸರಿದು, ಎಡಗಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಕ್ಯಾಮೆರಾ ಕಡೆ ನೋಡಿದರು.